ಕಪ್ಪು ಬಿಳುಪಿನ ಕರಡಿ



ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ನಾನು ಬರೆಯುತ್ತಿದ್ದ ಕರಡಿಯನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮರೆತಿರಲಾರರು. ಎರಡು ವೃತ್ತ, ಎರಡು ಕಿವಿ, ಒಂದು ಮೂತಿ, ಅಷ್ಟೇ. ಅದಕ್ಕೆ ಉಗುರುಗಳನ್ನು ನಾನು ಎಂದೂ ಬರೆಯಲಿಲ್ಲ. ಆ ಲೋಪ ಎಷ್ಟು ದೊಡ್ಡದೆಂಬುದು ಕರಡಿಯ ಚಿತ್ರಗಳ ಚರಿತ್ರೆಯನ್ನು ಓದಿದಾಗ ತಿಳಿಯಿತು.

ಜಗತ್ತಿನಲ್ಲಿ ಅತ್ಯಂತ ಹೆಚ್ಚು ಜನ ಕಂಡಿರುವ ಕರಡಿಯ ಚಿತ್ರ ಯಾವುದು? ವಿಶ್ವ ವನ್ಯಜೀವಿ ನಿಧಿಯ ಲಾಂಛನವಾದ ಪಾಂಡಾ ಎಂದರೆ ತಪ್ಪಾಗಲಾರದು. ಆ ಸಂಸ್ಥೆ ಜನ್ಮತಾಳಿದ್ದು 1961ರಲ್ಲಿ. ಆಗ ಲಂಡನ್ನಿನ ಮೃಗಾಲಯದಲ್ಲಿ ಚೀ-ಚೀ ಎಂಬ ಪಾಂಡಾ ಜನರ ಕಣ್ಮಣಿಯಾಗಿತ್ತು. ಜೆರಾಲ್ಡ್ ವಾಟರ್ಸನ್ ಎಂಬ ಪರಿಸರವಾದಿ ಮೊದಲ ರೇಖಾಚಿತ್ರಗಳನ್ನು ಬರೆದರು. ಅವುಗಳ ಆಧಾರದ ಮೇಲೆ ಸರ್ ಪೀಟರ್ ಸ್ಕಾಟ್ ಲಾಂಛನವನ್ನು ರೂಪಿಸಿದರು. ಪಾಂಡಾ ಸುಂದರ, ಜನಪ್ರಿಯ, ಅಪಾಯದ ಅಂಚಿನಲ್ಲಿದ್ದ ಪ್ರಾಣಿ. ಜೊತೆಗೆ ಕಪ್ಪು ಬಿಳುಪಿನಲ್ಲಿ ಮುದ್ರಿಸಿದರೂ ಅದರ ಅಂದ ಕೆಡದು, ಮುದ್ರಣದ ಖರ್ಚೂ ಉಳಿಯುತ್ತದೆ! ಇಂದಿನ ಲಾಂಛನದಲ್ಲಿ ತಲೆಗೂ ಬೆನ್ನಿಗೂ ಗೆರೆಯೇ ಇಲ್ಲ. ನೋಡುವವನ ಕಣ್ಣೇ ಅದನ್ನು ಪೂರ್ತಿಗೊಳಿಸುತ್ತದೆ.

ಪೀಟರ್ ಸ್ಕಾಟ್ ದಕ್ಷಿಣಧ್ರುವದಿಂದ ಮರಳುವಾಗ 1912ರಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟ್‌ರ ಮಗ. ಮಗುವಿಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿಸೆಂದು ತಂದೆ ಪತ್ನಿಗೆ ಬರೆದ ಕೊನೆಯ ಪತ್ರದಲ್ಲಿ ಕೋರಿದ್ದರು. ಮಗ ಪಕ್ಷಿಗಳ ಚಿತ್ರಕಾರನಾದ, ಸಂರಕ್ಷಕನೂ ಆದ.

ಚಿತ್ರವೊಂದೇ ಪಾಂಡಾವನ್ನು ಉಳಿಸಲಿಲ್ಲ; ಚೀನಾದ ಮೀಸಲು ಅರಣ್ಯಗಳೂ ಬೇಟೆಯ ನಿಷೇಧವೂ ಉಳಿಸಿದವು. 2015ರಲ್ಲಿ ಪ್ರಕಟವಾದ ಗಣತಿಯಲ್ಲಿ 1864 ಕಾಡುಪಾಂಡಾಗಳು ದಾಖಲಾದವು. 2016ರಲ್ಲಿ ಅದು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಸುರಕ್ಷಿತ ಸ್ಥಾನಕ್ಕೆ ಬಂದಿತು. ಆದರೆ ದೂರದ ಜನರ ಮನಸ್ಸನ್ನು ಆ ಕಾಡಿನತ್ತ ಸೆಳೆದದ್ದು ಚಿತ್ರವೇ.

ಇನ್ನು ನಮ್ಮ ಕರಡಿಯ ಪಾಡು ನೋಡಿ. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ವಿದ್ವಾಂಸ ಇದರ ನೀಳವಾದ ಬಾಗಿದ ಉಗುರುಗಳನ್ನು ಕಂಡು, ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತುಬೀಳುವ ಸ್ಲಾತ್‌ನ ಬಳಗಕ್ಕೆ ಸೇರಿಸಿಬಿಟ್ಟ. ತಪ್ಪು ಬೇಗನೆ ತಿದ್ದಲ್ಪಟ್ಟರೂ 'ಸ್ಲಾತ್ ಬೇರ್' ಎಂಬ ಹೆಸರು ಉಳಿಯಿತು. ಆ ಉಗುರುಗಳು ಹುತ್ತ ಅಗೆಯಲು. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲದಿರುವುದು ಗೆದ್ದಲನ್ನು ಹೀರಲು. ಉಗುರಿಲ್ಲದ ಕರಡಿಯನ್ನು ಬರೆದ ನಾನು ಅದರ ಅನ್ನವನ್ನೇ ಅಳಿಸಿದ್ದೆನಲ್ಲವೆ?

ನಮ್ಮ ತಲೆಮಾರಿನ ಮಕ್ಕಳು ಕರಡಿಯನ್ನು ಕಂಡದ್ದು ಬೀದಿಯಲ್ಲಿ, ಮೂತಿಗೆ ಹಗ್ಗ ಪೋಣಿಸಿದ ಸ್ಥಿತಿಯಲ್ಲಿ. ಕುಣಿತವನ್ನು 1972ರ ಕಾಯ್ದೆ ನಿಷೇಧಿಸಿದರೂ ಅದು ನಿಲ್ಲಲು ದಶಕಗಳೇ ಬೇಕಾದವು. 2009ರಲ್ಲಿ ಬನ್ನೇರುಘಟ್ಟದ ಆಶ್ರಯ ಸೇರಿದ ರಾಜು ಎಂಬ ಕರಡಿಯನ್ನು ದೇಶದ ಕೊನೆಯ ಕುಣಿಯುವ ಕರಡಿ ಎಂದು ಕರೆಯಲಾಯಿತು. ಕರಡಿಯಾಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯ ಒದಗಿಸಿದ್ದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಹಂಪಿಯ ಸಮೀಪ 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮವಿದೆ. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಅಲ್ಲಿಗೆ ಕರೆದೊಯ್ಯಿರಿ. ಸಂಜೆ ಬಂಡೆಗಳ ನಡುವಿನಿಂದ ಇಳಿದು ಬರುವ ಕರಡಿಯನ್ನು ದೂರದಿಂದಲೇ ನೋಡಿಸಿ, ಮನೆಗೆ ಬಂದು ಬರೆಯಲು ಹೇಳಿ. ಕೆದರಿದ ಕೂದಲು, ಎದೆಯ ಮೇಲಿನ ಬಿಳಿಯ ಗುರುತು, ಬಾಗಿದ ಉಗುರುಗಳು, ಎಲ್ಲವೂ ಇರಲಿ. ಹತ್ತಿರದಲ್ಲೇ ಒಂದು ಹುತ್ತವೂ ಇರಲಿ.

ನಿಮ್ಮ ಮೇಷ್ಟ್ರು ಮಾಡಿದ ತಪ್ಪನ್ನು ನೀವಾದರೂ ತಿದ್ದಿರಿ.