ಫರಿಸಾಯ ಎಂಬ ಬೈಗುಳ

ಜರ್ಮನಿಯ ಉತ್ತರ ಕರಾವಳಿಯ ನಾರ್ಡ್‌ಸ್ಟ್ರಾಂಡ್‌ನಲ್ಲಿ ‘ಫರಿಸಾಯ’ ಕೊಡಿ ಎಂದರೆ ಮೇಜಿಗೆ ಕಾಫಿ ಬರುತ್ತದೆ. ಸಕ್ಕರೆ, ರಮ್ ಬೆರೆಸಿದ ಬಿಸಿ ಕಾಫಿ, ಮೇಲೆ ದಪ್ಪಗೆ ಕ್ರೀಮು. ರಮ್ಮಿನ ವಾಸನೆ ಮೇಲೇಳದಂತೆ ತಡೆಯುವುದೇ ಕ್ರೀಮಿನ ಕೆಲಸ. 1872ರಲ್ಲಿ ಅಲ್ಲಿ ಮಗುವೊಂದರ ದೀಕ್ಷಾಸ್ನಾನದ ಔತಣ ನಡೆದಿತ್ತಂತೆ. ಕುಡಿತವನ್ನು ಸಹಿಸದ ಪಾದ್ರಿಗೆ ಬರೀ ಕಾಫಿ ಕೊಟ್ಟು, ಉಳಿದವರೆಲ್ಲ ರಮ್ ಹೀರುತ್ತ ಕೂತಿದ್ದರು. ಹೇಗೋ ಕಪ್ಪು ಅದಲುಬದಲಾಗಿ ಗುಟ್ಟು ರಟ್ಟಾಯಿತು. ‘ಎಲಾ ಫರಿಸಾಯರಾ!’ ಎಂದು ಪಾದ್ರಿ ಗದರಿದ್ದೇ ಪಾನೀಯದ ಹೆಸರಾಯಿತು ಎಂಬುದು ಊರಿನ ಕಥೆ. 1981ರಲ್ಲಿ ಫ್ಲೆನ್ಸ್‌ಬರ್ಗ್‌ನ ನ್ಯಾಯಾಲಯವೊಂದು, ಬರೀ 2 ಸೆಂಟಿಲೀಟರ್ ರಮ್ ಹಾಕಿದರೆ ಅದು ಫರಿಸಾಯ ಅನ್ನಿಸಿಕೊಳ್ಳದು ಎಂದು ತೀರ್ಪನ್ನೇ ಕೊಟ್ಟಿತು.

‘ಫರಿಸಾಯ’ ಪದಕ್ಕೆ ಕಪಟಿ ಎಂಬ ಅರ್ಥ ಹುಟ್ಟಿನಿಂದ ಬಂದದ್ದಲ್ಲ. ಹೀಬ್ರೂವಿನ ‘ಪೆರುಶೀಮ್’ ಎಂದರೆ ಬೇರೆಯಾಗಿ ನಿಂತವರು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ದೇವಾಲಯದ ಶುದ್ಧಿಯನ್ನು ಮನೆಯ ಊಟದ ಪಂಕ್ತಿಗೂ ತರಹೊರಟ ಯೆಹೂದಿ ಪಂಥ ಅದು. ಅವರ ಸಂಖ್ಯೆ 6,000ಕ್ಕೂ ಹೆಚ್ಚು ಎನ್ನುತ್ತಾನೆ ಇತಿಹಾಸಕಾರ ಜೋಸೆಫಸ್. ಸಂತ ಪೌಲನೂ ತಾನು ಫರಿಸಾಯನೆಂದು ಸಭೆಯೆದುರು ಹೇಳಿಕೊಂಡವನು. ನಮ್ಮ ‘ಮಡಿವಂತ’ ಪದ ಕುಹಕದ ಮಾತಾದ ದಾರಿಯನ್ನೇ ಇದೂ ಹಿಡಿಯಿತು.

ಆ ದಾರಿಗೆ ತಿರುಗಿಸಿದ ಕಥೆಗಳಲ್ಲೊಂದು ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ದೇವಾಲಯದಲ್ಲಿ ಇಬ್ಬರು ನಿಂತಿದ್ದಾರೆ. ಫರಿಸಾಯ ತನ್ನ ಲೆಕ್ಕ ಒಪ್ಪಿಸುತ್ತಾನೆ: ವಾರಕ್ಕೆರಡು ಉಪವಾಸ, ಆದಾಯದಲ್ಲಿ ಹತ್ತನೇ ಒಂದು ಪಾಲು. ಅವನು ಸುಳ್ಳು ಹೇಳುತ್ತಿಲ್ಲ. ಮೋಶೆಯ ಧರ್ಮಶಾಸ್ತ್ರ ಕೇಳಿದ್ದು ವರ್ಷಕ್ಕೊಂದು ಉಪವಾಸ ಮಾತ್ರ; ಈತ ವಿಧಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಮಾಡುವವನು. ಆದರೆ ಪ್ರಾರ್ಥನೆಯ ನಡುವೆ ಓರೆಗಣ್ಣಲ್ಲಿ ಇನ್ನೊಬ್ಬನನ್ನು ನೋಡಿ, ತಾನು ಅವನಂತಿಲ್ಲವಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಕೆಟ್ಟದ್ದು ಅಲ್ಲೇ.

ಆ ಇನ್ನೊಬ್ಬ ಸುಂಕದವನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುತ್ತದೆ ನಮ್ಮ ಗಾದೆ. ಇಲ್ಲಿ ಆ ಸುಂಕದವನೇ ದೂರದಲ್ಲಿ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ತನ್ನ ಪಾಪ ಹೇಳಿಕೊಳ್ಳುತ್ತಾನೆ. ಇಂಥ ಎದೆ ಬಡಿತ ಇಂದಿಗೂ ಕಥೋಲಿಕ ಬಲಿಪೂಜೆಯ ಆರಂಭದಲ್ಲಿ, ತಪ್ಪೊಪ್ಪಿಗೆಯ ಪ್ರಾರ್ಥನೆಯಲ್ಲಿ ಉಳಿದಿದೆ. ಬಲಿಪೂಜೆಗೆ ಬಂದವರೆಲ್ಲ ಒಟ್ಟಿಗೆ ಹೇಳುವುದರಿಂದ ಅಲ್ಲಿ ಪಕ್ಕದವನನ್ನು ಅಳೆಯಲು ಪುರುಸೊತ್ತಿಲ್ಲ!

ಪದ ಮಾತ್ರ ಕಥೆಗೆ ವಿರುದ್ಧವಾಗಿ ಬೆಳೆಯಿತು. ಯಾರನ್ನೋ ಫರಿಸಾಯ ಎಂದು ಜರಿದ ಕ್ಷಣವೇ ಜರಿದವನು ಆ ಓರೆಗಣ್ಣಿನ ಜಾಗಕ್ಕೆ ಬಂದು ನಿಲ್ಲುತ್ತಾನೆ. ವ್ಯಕ್ತಿಗಷ್ಟೇ ಅಲ್ಲ, ಇಡೀ ಕ್ರೈಸ್ತ ಸಭೆಗೂ ಹೀಗಾಯಿತು. ಫರಿಸಾಯರ ಪರಂಪರೆಯಿಂದಲೇ ಬೆಳೆದ ಯೆಹೂದಿ ಧರ್ಮವನ್ನು ಹೀಗಳೆಯಲು ಕ್ರೈಸ್ತರು ಶತಮಾನಗಳ ಕಾಲ ಈ ಪದವನ್ನು ಬಳಸಿದರು. 2019ರ ಮೇ ತಿಂಗಳಲ್ಲಿ ರೋಮಿನಲ್ಲಿ ಫರಿಸಾಯರ ಬಗ್ಗೆಯೇ ವಿದ್ವಾಂಸರ ಸಮ್ಮೇಳನ ನಡೆದಾಗ, ಇಂಥ ಪಡಿಯಚ್ಚು ಚಿತ್ರಣದಿಂದ ಯೆಹೂದ್ಯರಿಗಾದ ಹಾನಿಯನ್ನು ಪೋಪ್ ಫ್ರಾನ್ಸಿಸ್ ಒಪ್ಪಿಕೊಂಡರು. ಪಾಪನಿವೇದನೆಗೆ ಇದೂ ತಕ್ಕ ವಿಷಯವೇ.

ತನ್ನ ಪುಣ್ಯದ ಲೆಕ್ಕಕ್ಕೆ ತಾನೇ ಮರುಳಾಗುವ ಅಪಾಯವನ್ನು ಪೂರ್ವದ ಆರ್ಥಡಾಕ್ಸ್ ಸಭೆ ಪಂಚಾಂಗದಲ್ಲೇ ಗುರುತು ಹಾಕಿಟ್ಟಿದೆ. ಮಹಾ ಉಪವಾಸದ ಸಿದ್ಧತೆ ಶುರುವಾಗುವುದು ಸುಂಕದವನ ಮತ್ತು ಫರಿಸಾಯನ ಭಾನುವಾರದಿಂದ. ಅದರ ಮರುವಾರ, ಎಂದಿನ ಬುಧವಾರ, ಶುಕ್ರವಾರಗಳ ಉಪವಾಸವನ್ನೂ ಕೈಬಿಟ್ಟು, ಏಳೂ ದಿನ ಮಾಂಸ, ಬೆಣ್ಣೆ, ಮೊಟ್ಟೆ ತಿನ್ನಲು ಎಲ್ಲರಿಗೂ ಅನುಮತಿ.