ಘಟ್ಟದ ಕಣಜ, ಕಡಲಿನ ಕಚೇರಿ

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ದೊಡ್ಡ ದಿಕ್ಕುಗಳು ಎರಡು. ಒಂದು ಬಸ್ಸು ಪುತ್ತೂರು ದಾಟಿ ಮಂಗಳೂರಿಗೆ ಇಳಿಯುತ್ತದೆ, ಇನ್ನೊಂದು ಸಂಪಾಜೆ ದಾಟಿ ಮಡಿಕೇರಿಗೆ ಹತ್ತುತ್ತದೆ. ಮಂಗಳೂರಿಗೆ ಎರಡೂವರೆ ಗಂಟೆ, ಮಡಿಕೇರಿಗೆ ಒಂದೂವರೆ ಗಂಟೆ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಲೆಕ್ಕವೂ ಹೀಗೆಯೇ ಇತ್ತು: ಆಸ್ಪತ್ರೆ, ಕಾಲೇಜು, ಕೋರ್ಟು ಎಂದರೆ ಕೆಳಗೆ, ಮದುವೆ, ತಿಥಿ, ನೆಂಟರು ಎಂದರೆ ಮೇಲೆ. ಮನೆಮಾತು ಅರೆಭಾಷೆ. ಅದು ಘಟ್ಟದ ಕೆಳಗೂ ಇದೆ, ಮೇಲೂ ಇದೆ.

ಈ ವರ್ಷದ ಏಪ್ರಿಲ್‌ನಲ್ಲಿ ನನ್ನ ಫೆಲೋಶಿಪ್ಪಿನ ಐದು ವರ್ಷ ಮುಗಿಯಿತು. ಪ್ರಬಂಧ ಮುಗಿದಿಲ್ಲ. ಅತಿಥಿ ಉಪನ್ಯಾಸಕ ಹುದ್ದೆಗೆ ಎರಡು ಕಡೆಯಿಂದ ಕರೆ ಬಂತು. ಒಂದು ಮಂಗಳೂರಿನ ಕಾಲೇಜು, ಇನ್ನೊಂದು ಮಡಿಕೇರಿಯದು. ಮಂಗಳೂರಿನಲ್ಲಿ ಸಂಬಳ ಸ್ವಲ್ಪ ಹೆಚ್ಚು, ನನಗೆ ಬೇಕಾದ ಹಳೆಯ ಕಾಗದಪತ್ರಗಳೂ ಅಲ್ಲಿ ಹತ್ತಿರ. ಮಡಿಕೇರಿಯಲ್ಲಿ ಚಿಕ್ಕಮ್ಮ ಒಬ್ಬರೇ ಇದ್ದಾರೆ. ಗೆಳೆಯರೆಲ್ಲ ಒಂದೇ ರೀತಿ ಕೇಳಿದರು: ‘ನಿನಗೆ ಕಡಲು ಇಷ್ಟವೋ, ಬೆಟ್ಟವೋ?’ ಸೆಕೆಯೋ ಚಳಿಯೋ, ಮೀನೋ ಮಂಜೋ ಎಂದು ಕೇಳಿದ ಹಾಗೆ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂತಾಗ ನನ್ನದೇ ಅಧ್ಯಯನದ ಒಂದು ಸಂಗತಿ ಎದುರಿಗೆ ಬಂತು. ನಮ್ಮ ಊರಿನವರಿಗೆ ಮಡಿಕೇರಿಯೋ ಮಂಗಳೂರೋ ಎಂಬ ಪ್ರಶ್ನೆ ಹೊಸದಲ್ಲ. 1834ರಲ್ಲಿ ಅದನ್ನು ಇಡೀ ಸೀಮೆಯ ಪರವಾಗಿ ಬೇರೆಯವರು ತೀರ್ಮಾನಿಸಿಬಿಟ್ಟಿದ್ದರು. ಮೂರು ವರ್ಷದ ನಂತರ ಜನ ತಮ್ಮ ಉತ್ತರವನ್ನು ಕಾಲ್ನಡಿಗೆಯಲ್ಲಿ ಮಂಗಳೂರಿಗೆ ಒಯ್ದರು.

ಮಡಿಕೇರಿ ಮುದ್ದುರಾಜನ ಹೆಸರಿನಿಂದ ಬಂದ ಊರು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಅಲ್ಲಿ ರಾಜಧಾನಿ ಕಟ್ಟಿದ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ, ಸುತ್ತ ಕಾಡಿರುವ, ಶತ್ರು ಬರಬೇಕಾದರೆ ಘಟ್ಟ ಹತ್ತಿಯೇ ಬರಬೇಕಾದ ಜಾಗ. ರಕ್ಷಣೆಗೆ ಅದು ಚೆನ್ನ. ಆದರೆ ಬೆಟ್ಟದಲ್ಲಿ ಉಪ್ಪು ಬೆಳೆಯುವುದಿಲ್ಲ. ಉಪ್ಪು, ಒಣಮೀನು, ತೆಂಗು ಎಲ್ಲ ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಆದ್ದರಿಂದ ಹಾಲೇರಿ ಅರಸರ ಕಣ್ಣು ಘಟ್ಟದ ಬುಡದ ಮೇಲೆ ಸದಾ ಇತ್ತು. 18ನೇ ಶತಮಾನದಲ್ಲಿ ಬಿದನೂರಿನ ನಾಯಕರಿಂದ ಅಮರ ಸುಳ್ಯ ಮಾಗಣೆ ಅವರ ಕೈಸೇರಿತು. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಪಂಜ, ಬೆಳ್ಳಾರೆ ಕಡೆಯ ನೆಲವನ್ನೂ ದೊಡ್ಡವೀರರಾಜೇಂದ್ರನಿಗೆ ಬಿಟ್ಟುಕೊಟ್ಟಿತು. ಹೀಗೆ ತುಳುನಾಡಿನ ಮಗ್ಗುಲಲ್ಲಿದ್ದ ನಮ್ಮ ಮಾಗಣೆಗಳಿಗೆ ಬೆಟ್ಟದ ಮೇಲಿನ ಊರು ರಾಜಧಾನಿಯಾಯಿತು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಮಡಿಕೇರಿ ಕೋಟೆಯನ್ನು ಹಿಡಿಯಿತು. ಚಿಕವೀರರಾಜೇಂದ್ರ ಪದಚ್ಯುತನಾದ. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳ ಒಮ್ಮತದ ಬಯಕೆಯಂತೆ ಈ ಸೀಮೆಯನ್ನು ಕಂಪನಿ ತನ್ನ ಆಳ್ವಿಕೆಗೆ ತೆಗೆದುಕೊಳ್ಳುತ್ತಿದೆ ಎಂಬ ಅರ್ಥದ ಮಾತಿದೆ. ಬಯಕೆಯನ್ನು ಯಾರ ಮನೆಬಾಗಿಲಲ್ಲಿ ನಿಂತು ಕೇಳಿದರು ಎಂಬುದು ಬೇರೆ ವಿಚಾರ. ಘಟ್ಟದ ಕೆಳಗಿನ ಮಾಗಣೆಗಳ ವಿಷಯದಲ್ಲಿ ಅಂಥ ಮಾತಿನ ಅಗತ್ಯವೂ ಕಾಣಲಿಲ್ಲ. ಅವುಗಳನ್ನು ಕೊಡಗಿನಿಂದ ಬಿಡಿಸಿ, ಮದರಾಸು ಪ್ರಾಂತದ ಕೆನರಾ ಜಿಲ್ಲೆಗೆ ಸೇರಿಸಿದರು. ನಕ್ಷೆ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಘಟ್ಟ ಗಡಿಯಾಯಿತು, ಕೆಳಗಿದ್ದದ್ದು ಕೆಳಗಿನ ಜಿಲ್ಲೆಗೆ ಹೋಯಿತು.

ಆದರೆ ಮಾಗಣೆಯ ಒಕ್ಕಲಿಗೆ ರಾಜಧಾನಿ ಎಂದರೆ ನಕ್ಷೆಯ ಮೇಲಿನ ಚುಕ್ಕೆಯಲ್ಲ, ತಾನು ಕಂದಾಯ ಒಪ್ಪಿಸಬೇಕಾದ ಜಾಗ. ಅರಸರ ಕಾಲದಲ್ಲಿ ಅವನು ಕಂದಾಯವನ್ನು ದವಸದ ರೂಪದಲ್ಲಿ ಸಲ್ಲಿಸಬಹುದಿತ್ತು. ಗದ್ದೆಯಲ್ಲಿ ಬೆಳೆದದ್ದರಲ್ಲಿ ಒಂದು ಪಾಲು ಅರಸನ ಕಣಜಕ್ಕೆ ಹೋದರೆ ಮುಗಿಯಿತು. ಮಂಗಳೂರಿನ ಕಚೇರಿಗೆ ಭತ್ತ ಬೇಡ, ನಾಣ್ಯ ಬೇಕು. ನಾಣ್ಯ ಗದ್ದೆಯಲ್ಲಿ ಬೆಳೆಯುವುದಿಲ್ಲ. ಕೊಯ್ಲಾದ ಕೂಡಲೇ, ಎಲ್ಲರೂ ಮಾರುವ ಹೊತ್ತಿನಲ್ಲಿ, ವ್ಯಾಪಾರಿ ಹೇಳಿದ ಬೆಲೆಗೆ ಭತ್ತ ಮಾರಬೇಕು. ಸಾಲದಿದ್ದರೆ ಸಾಲ ಮಾಡಬೇಕು. ಅದೇ ಗದ್ದೆ, ಅದೇ ಮಳೆ, ಅದೇ ಭತ್ತ. ಕೊಡುವ ರೂಪ ಒಂದು ಬದಲಾದದ್ದಕ್ಕೆ ಬದುಕು ತಲೆಕೆಳಗಾಯಿತು.

ಕೆನರಾದಲ್ಲಿ ಆಗಲೇ ಪರಿಸ್ಥಿತಿ ಚೆನ್ನಾಗಿರಲಿಲ್ಲ. 1830–31ರಲ್ಲಿ ರೈತರು ಊರೂರಲ್ಲಿ ಕೂಟ ಸೇರಿ, ಕಂದಾಯ ಕಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು. ಮಂಗಳೂರಿನ ಕದ್ರಿ ದೇವಸ್ಥಾನದ ಬಳಿಯೂ ಅಂಥ ಕೂಟ ಸೇರಿತ್ತು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರ ಕಂಪನಿಯ ಏಕಸ್ವಾಮ್ಯವಾಗಿತ್ತು. ಕಡಲ ಜಿಲ್ಲೆಗೆ ಸೇರಿದ ಮೇಲೆ ಉಪ್ಪು ಅಗ್ಗವಾಗಬೇಕಿತ್ತು ಎಂದು ನಾವು ಊಹಿಸಬಹುದು. ಆದರೆ ಕಡಲು ಹತ್ತಿರವಾದದ್ದರಿಂದ ಉಪ್ಪು ಹತ್ತಿರವಾಗಲಿಲ್ಲ. ಬಂಡಾಯಗಾರರು ಹೊರಡಿಸಿದ ನಿರೂಪಗಳಲ್ಲಿ ಕಂದಾಯದ ವಿನಾಯಿತಿಯ ಜೊತೆಗೆ ಉಪ್ಪು, ಹೊಗೆಸೊಪ್ಪಿನ ಮಾತೂ ಬರುವುದು ಇದೇ ಕಾರಣಕ್ಕೆ.

1837ರ ಮಾರ್ಚ್ ಕೊನೆಗೆ ದಂಗೆ ಸಿಡಿಯಿತು. ಕೆದಂಬಾಡಿ ರಾಮಯ್ಯ ಗೌಡ ಮುಂದಾಳು. ಪುಟ್ಟಬಸಪ್ಪ ಎಂಬವನನ್ನು ಅರಸುಮನೆತನದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಅವರ ಕೈಗೆ ಬಂತು. ನಂದಾವರದ ಲಕ್ಷ್ಮಪ್ಪ ಬಂಗರಸ ಬಂದು ಸೇರಿಕೊಂಡ. ಏಪ್ರಿಲ್ 5ಕ್ಕೆ ಮಂಗಳೂರು ಅವರದಾಯಿತು. ಈಗಿನ ಬಾವುಟಗುಡ್ಡದ ಮೇಲೆ ಅವರ ಬಾವುಟ ಹಾರಿತು, ಸುಮಾರು ಎರಡು ವಾರ.

ಇಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ ಒಂದಿದೆ. ಕೊಡಗಿನ ಅರಸನನ್ನು ಮತ್ತೆ ತರುತ್ತೇವೆ ಎಂದವರು ಘಟ್ಟ ಹತ್ತದೆ ಕಡಲಿಗೆ ಏಕೆ ಇಳಿದರು? ಮಡಿಕೇರಿಯ ಕೋಟೆ ಹತ್ತಿರವಿತ್ತು. ಅದರತ್ತ ಹೋಗುವ ಯೋಚನೆಯೂ ಇತ್ತು. ಆದರೆ ಅಲ್ಲಿ ಸೈನ್ಯವಿತ್ತು. ಕೊಡಗಿನ ದಿವಾನ ಬೋಪಣ್ಣನಂಥವರು ಕಂಪನಿಯ ಕಡೆ ನಿಂತಿದ್ದರು. ಇದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಅವರ ಲೆಕ್ಕ ಇದ್ದದ್ದು ಮಂಗಳೂರಿನಲ್ಲಿ. ಕಚೇರಿ ಅಲ್ಲಿ, ಖಜಾನೆ ಅಲ್ಲಿ, ಸೆರೆಮನೆ ಅಲ್ಲಿ. ಸಿಟ್ಟು ಕಡಲಿನ ಮೇಲಲ್ಲ, ಕಡಲ ದಂಡೆಯ ಕಚೇರಿಯ ಮೇಲೆ. ಅವರು ಬೇಕೆಂದದ್ದೂ ಬೆಟ್ಟವನ್ನಲ್ಲ, ಬೆಟ್ಟದ ಮೇಲಿದ್ದ ಕಣಜವನ್ನು.

ಕಣ್ಣೂರಿನಿಂದ ಸೈನ್ಯ ಬಂದ ಮೇಲೆ ದಂಗೆ ಮುರಿಯಿತು. ಕಲ್ಯಾಣಸ್ವಾಮಿ ಎನಿಸಿಕೊಂಡವನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಜನರೆದುರೇ ನೇಣಿಗೆ ಹಾಕಿದರು. ಕಡಲ ಊರೂ ಬೆಟ್ಟದ ಊರೂ ನಮ್ಮವರಿಗೆ ಸಮಾನವಾಗಿ ಕೊಟ್ಟದ್ದು ಇದೊಂದನ್ನೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕಂಪನಿಗೆ ನಿಷ್ಠರಾಗಿ ನಿಂತವರಿಗೆ ‘ಕೂರ್ಗ್ ಮೆಡಲ್’ ಸಿಕ್ಕಿತು. ಅದರ ಒಂದು ಬದಿಯ ಬರಹ ಕನ್ನಡದಲ್ಲೇ ಇದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಬಹಳ ಜನ ಓದಿದ್ದಾರೆ. ಅದು ಬೆಟ್ಟದ ಮೇಲಿನ ಅರಮನೆಯ ಕತೆ. ಸುಳ್ಯದ ಕಡೆಯೇ ಬೆಳೆದ ನಿರಂಜನರು ಬರೆದ ‘ಕಲ್ಯಾಣಸ್ವಾಮಿ’ ಅರಮನೆ ಮುಗಿದ ಮೇಲಿನ ಕತೆ. ಎರಡನ್ನೂ ಒಟ್ಟಿಗೆ ಓದಬೇಕು. ನಮ್ಮೂರಿನ ಹಿರಿಯರ ಬಾಯಲ್ಲಿ ಈ ದಂಗೆ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ಯಾಗಿಯೇ ಉಳಿಯಿತು. ಕಾಟಕಾಯಿ ಎಂದರೆ ಕೊಳ್ಳೆ, ದಾಂಧಲೆ. ಈಗ ಅದನ್ನು ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. 2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. ನೇಣು ಹಾಕಿದ ಎರಡು ಊರುಗಳಲ್ಲೂ ಈಗ ಅವರಿದ್ದಾರೆ.

ಅರಸರ ಕಣಜವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ದವಸ ಕೊಟ್ಟು ಮುಗಿಸುವ ಸಂಬಂಧದಲ್ಲಿ ಬಿಟ್ಟಿ ಚಾಕರಿಯೂ ಇತ್ತು, ಒಡೆಯನ ಮರ್ಜಿಯೂ ಇತ್ತು. ನಾಣ್ಯ ಕೊಟ್ಟರೆ ರಶೀದಿ ಸಿಗುತ್ತದೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ದವಸದ ಲೆಕ್ಕ ಮುಗಿಯುವುದೇ ಇಲ್ಲ. ಆದರೆ ಬೆಳೆ ಕೆಟ್ಟ ವರ್ಷ ಕಣಜದ ಮುಂದೆ ನಿಂತು ಅಳುವವನಿಗೆ ಒಂದು ಆಸೆ ಇರುತ್ತದೆ. ಕಚೇರಿಯ ಮುಂದೆ ಅಳುವವನಿಗೆ ಮುಂದಿನ ವಾಯಿದೆ ಮಾತ್ರ ಸಿಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಯಾರೂ ದೂರದಲ್ಲಿ ಕೂತು ಹೇಳಲಾಗದು. ಅವರವರ ಕೈಯಲ್ಲಿ ಕೊಡಲು ಏನಿದೆ ಎಂಬುದರ ಮೇಲೆ ಅದು ನಿಂತಿದೆ.

1834ರಲ್ಲಿ ಎಳೆದ ಗೆರೆ 122 ವರ್ಷ ಉಳಿಯಿತು. ಸುಳ್ಯ ಮದರಾಸಿನ ಆಡಳಿತದಲ್ಲಿ, ಮಡಿಕೇರಿ ಬೇರೆಯೇ ಪ್ರಾಂತದಲ್ಲಿ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಗೆರೆ ಈಗ ಜಿಲ್ಲೆಯ ಗಡಿಯಾಗಿ ಉಳಿದಿದೆ. ಸಂಪಾಜೆ ಎಂಬ ಒಂದೇ ಹೆಸರಿನ ಊರು ಅದರ ಆಚೆಗೂ ಇದೆ, ಈಚೆಗೂ ಇದೆ. ಆದರೂ ಗೆರೆಯನ್ನು ದಾಟುವುದು ಎಂದೂ ನಿಲ್ಲಲಿಲ್ಲ. 1850ರ ದಶಕದಲ್ಲಿ ಮಡಿಕೇರಿಯ ಸುತ್ತ ಕಾಫಿ ತೋಟಗಳು ಎದ್ದವು. ಕಾಫಿ ಹದವಾಗಿ ಒಣಗಲು ಕರಾವಳಿಯ ಬಿಸಿಲು ಬೇಕು, ಹಡಗು ಹತ್ತಲು ಬಂದರು ಬೇಕು. ಮೂಟೆಗಳು ಮಂಗಳೂರಿಗೆ ಇಳಿದವು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚುಗಳು ಘಟ್ಟ ಹತ್ತಿದವು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಹತ್ತು ವರ್ಷದ ನಂತರ ಇದೇ ರೀತಿ ಕೊಡಗಿಗೆ ಹೋದರು. ಕನ್ನಡದ ಮೊದಲ ಪತ್ರಿಕೆ ಕಡಲ ಊರಿನಿಂದ ಬಂತು, ಕೊಡಗಿನ ಬಗ್ಗೆ ಅವರ ಪುಸ್ತಕ ಬೆಟ್ಟದ ವಾಸದಿಂದ ಬಂತು. ಒಬ್ಬ ಮನುಷ್ಯನಿಗೂ ಎರಡೂ ಬೇಕಾಗಿದ್ದವು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಕುಸಿದು ಆ ದಾರಿಯೇ ಮುಚ್ಚಿತು. ಚಿಕ್ಕಮ್ಮನ ಮನೆ ಆ ಭಾಗದಲ್ಲಿತ್ತು. ಚಿಕ್ಕಪ್ಪ ತೀರಿಕೊಂಡು ಆಗ ಎರಡು ವರ್ಷ. ಚಿಕ್ಕಮ್ಮ ಸಂಪಾಜೆ ಕಡೆಯ ಶಿಬಿರದಲ್ಲಿ ಒಂದು ರಾತ್ರಿ ಕಳೆದು, ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದರು. ಐದು ತಿಂಗಳಿದ್ದರು. ಯಾರೂ ಲೆಕ್ಕ ಇಡಲಿಲ್ಲ. ಅದಕ್ಕೂ ಮೊದಲು ನನ್ನ ಎಂ.ಎ. ಓದಿನ ಹಾಸ್ಟೆಲ್ ಫೀಸು ಕಟ್ಟಿದ್ದು ಅವರು, ಕಾಫಿ ಮಾರಿದ ದುಡ್ಡಿನಲ್ಲಿ. ಅದಕ್ಕೂ ಯಾರೂ ಲೆಕ್ಕ ಇಟ್ಟಿಲ್ಲ. ಈಗ ಅವರು ಮಡಿಕೇರಿ ಪೇಟೆಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದಾರೆ. ಜೋರು ಮಳೆ ಹಿಡಿದ ರಾತ್ರಿ ನಿದ್ದೆ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತು ಬೆಳಗು ಮಾಡುತ್ತಾರೆ.

ಕೆಲಸದ ವಿಷಯ ಹೇಳಿದಾಗ ಅವರು ಫೋನಿನಲ್ಲಿ ಹೇಳಿದ್ದಿಷ್ಟೆ: ‘ನಿನ್ನ ಅನುಕೂಲ ನೋಡಿಕೋ. ಇಲ್ಲಿಗೆ ಬಂದರೆ ಮಳೆಗಾಲದಲ್ಲಿ ಮನೆಯಲ್ಲಿ ಇನ್ನೊಂದು ಜೀವ ಇರುತ್ತದೆ.’

ಮಂಗಳೂರಿಗೆ ಹೋಗಿ ತಿಂಗಳಿಗೆ ಒಂದಿಷ್ಟು ದುಡ್ಡು ಅವರಿಗೆ ಕಳಿಸಬಹುದು ಎಂದು ಒಂದು ವಾರ ಯೋಚಿಸಿದೆ. ಲೆಕ್ಕ ಹಾಕಿದರೆ ಅದೇ ಜಾಣತನ. ಕಡಲ ಊರಿನ ಬಾಡಿಗೆ, ಊಟ, ಬಸ್ಸು ಕಳೆದು ಉಳಿಯುವುದು ಎಷ್ಟು ಎಂದು ಹಾಳೆಯಲ್ಲಿ ಬರೆದೂ ನೋಡಿದೆ. ಆಗ ಮಾಗಣೆಯ ಒಕ್ಕಲು ನೆನಪಾದ. ನನ್ನ ಹತ್ತಿರ ನಾಣ್ಯ ಇಲ್ಲ. ಇರುವುದು ರಾತ್ರಿಗಳು. ಅವುಗಳನ್ನು ತೆಗೆದುಕೊಳ್ಳುವ ಊರು ಮಡಿಕೇರಿ ಮಾತ್ರ.

ಇದರಿಂದ ನಷ್ಟವಿದೆ. ಪ್ರಬಂಧ ಇನ್ನೊಂದು ವರ್ಷ ಮುಂದೆ ಹೋಗುತ್ತದೆ ಎಂದು ಮಾರ್ಗದರ್ಶಕರು ಹೇಳಿದರು, ಬೇಸರದಿಂದಲೇ. ತಿಂಗಳಿಗೊಮ್ಮೆ ರಜೆ ಹಾಕಿ, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು, ಕಾಗದಪತ್ರ ನೋಡಲು ಮಂಗಳೂರಿಗೆ ಇಳಿಯಬೇಕು. ಚಿಕ್ಕಮ್ಮನ ಜೊತೆಗಿನ ಲೆಕ್ಕ ಇದರಿಂದ ಮುಗಿಯುವುದೂ ಇಲ್ಲ; ಒಂದು ಮಳೆಗಾಲ ಕಳೆದರೆ ಇನ್ನೊಂದು ಬರುತ್ತದೆ. ಗೆಳೆಯರಿಗೆ ಮಾತ್ರ ಸುಲಭದ ಉತ್ತರ ಕೊಟ್ಟೆ. ಬೆಟ್ಟ ಇಷ್ಟ ಎಂದೆ. ನಿಜ ಹೇಳಬೇಕೆಂದರೆ ನನಗೆ ಚಳಿ ಆಗುವುದಿಲ್ಲ.

ಜೂನ್ ಮೊದಲ ವಾರ ಮಡಿಕೇರಿಯ ಬಸ್ಸು ಹತ್ತಿದೆ. ಕಾಲ ಬಳಿ ಪುಸ್ತಕದ ಪೆಟ್ಟಿಗೆ, ಅದರ ಮೇಲೆ ಅಮ್ಮ ಕಟ್ಟಿಕೊಟ್ಟ ಹತ್ತು ಕೆ.ಜಿ. ಕುಚ್ಚಲಕ್ಕಿ. ಸಂಪಾಜೆ ದಾಟುವಾಗ ಮಳೆ ಶುರುವಾಗಿತ್ತು. ಎಲ್ಲಿದ್ದಿ ಎಂದು ಚಿಕ್ಕಮ್ಮ ಎರಡು ಸಲ ಫೋನ್ ಮಾಡಿದರು.