ಗಾಳಿಯನ್ನು ಅಳೆಯಲು ಬಂದ ಐದು ಜನ

ವಾಯುಮಾಲಿನ್ಯದ ಕಾನೂನು ಎಂದ ಕೂಡಲೇ ನಮಗೆ ನೆನಪಾಗುವುದು ದಂಡ, ಜೈಲು, ಕಾರ್ಖಾನೆಗೆ ಬೀಗ. ಬ್ರಿಟನ್ನಿನ 1863ರ ಆಲ್ಕಲಿ ಕಾಯ್ದೆಯ ಚರಿತ್ರೆಯನ್ನು ಓದುತ್ತಾ ಹೋದಂತೆ, ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದು ನನ್ನನ್ನು ಹಿಡಿದುಕೊಂಡಿತು: ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವವರು ಯಾರು?

ಸಾಬೂನು, ಗಾಜು, ಬಟ್ಟೆಯ ಉದ್ಯಮಗಳಿಗೆಲ್ಲ ಆಗ ಸೋಡಾ ಬೇಕಿತ್ತು. ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸುವುದು ಅದರ ತಯಾರಿಕೆಯ ಮೊದಲ ಹಂತ. ಆಗ ಏಳುವ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಚಿಮಣಿಯಿಂದ ನೇರ ಊರಿನ ಮೇಲೆ ಇಳಿಯುತ್ತಿತ್ತು. ಸೇಂಟ್ ಹೆಲೆನ್ಸ್, ವಿಡ್ನೆಸ್ ಸುತ್ತಮುತ್ತ ಮರಗಳು ಒಣಗಿದವು, ಬೆಳೆ ಸುಟ್ಟಿತು. ಈ ಅನಿಲವನ್ನು ನೀರಿನಲ್ಲಿ ಕರಗಿಸುವ ಗೋಪುರಕ್ಕೆ ವಿಲಿಯಂ ಗೊಸೇಜ್ 1836ರಲ್ಲೇ ಪೇಟೆಂಟ್ ಪಡೆದಿದ್ದ. ಉಪಾಯವಿತ್ತು, ಬಳಸಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ನ್ಯಾಯಾಲಯಕ್ಕೆ ಹೋದವರಿಗೆ ಇನ್ನೊಂದು ತೊಡಕು: ಹತ್ತಾರು ಚಿಮಣಿಗಳಲ್ಲಿ ತನ್ನ ಹೊಲ ಸುಟ್ಟದ್ದು ಯಾವುದೆಂದು ರೈತ ಸಾಬೀತುಪಡಿಸುವುದು ಹೇಗೆ?

ಹೊಸ ಕಾಯ್ದೆ ಆ ಹೊರೆಯನ್ನು ಅವನ ಹೆಗಲಿನಿಂದ ಇಳಿಸಿತು. ಈ ಅನಿಲದ ಶೇಕಡಾ 95 ಭಾಗವನ್ನು ಕಾರ್ಖಾನೆಯೇ ಹಿಡಿದಿಡಬೇಕು. ಅದನ್ನು ನೋಡಿಕೊಳ್ಳಲು ಕೇಂದ್ರ ಸರ್ಕಾರವೇ ಇನ್ಸ್‌ಪೆಕ್ಟರನ್ನು ನೇಮಿಸಬೇಕು. ಹಾಗೆ ಬಂದವನು ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್. ಜೊತೆಗೆ ನಾಲ್ವರು ಸಹಾಯಕರು. ಅವರಲ್ಲೊಬ್ಬನಾದ ಆಲ್‌ಫ್ರೆಡ್ ಫ್ಲೆಚರ್, ಚಿಮಣಿಯೊಳಗಿನ ಅನಿಲದ ವೇಗ ಅಳೆಯಲು ಸಾಧನವನ್ನೇ ರೂಪಿಸಿದ. ಸ್ವಲ್ಪ ಕಾಲದಲ್ಲೇ ಹೆಚ್ಚಿನ ಕಾರ್ಖಾನೆಗಳು ಶೇಕಡಾ 95ನ್ನೂ ದಾಟಿದವು.

ಆದರೆ ಆ ಅಳತೆಯಲ್ಲೇ ಒಂದು ತೂತಿತ್ತು. ನೂರು ಟನ್ ಅನಿಲ ಹುಟ್ಟಿಸುವವನು ಐದು ಟನ್ ಹೊರಬಿಡಬಹುದಾದರೆ, ಸಾವಿರ ಟನ್ ಹುಟ್ಟಿಸುವವನು ಐವತ್ತು ಟನ್ ಬಿಟ್ಟರೂ ಕಾನೂನಿಗೆ ಸರಿಯೇ! ಉದ್ಯಮ ಬೆಳೆದಂತೆ ಹೊಗೆಯೂ ಬೆಳೆಯಿತು. 1874ರ ತಿದ್ದುಪಡಿ ಚಿಮಣಿಯಿಂದ ಹೊರಬೀಳುವ ಪ್ರತಿ ಘನ ಅಡಿ ಗಾಳಿಯಲ್ಲಿ ಈ ಆಮ್ಲ 0.2 ಗ್ರೇನ್, ಅಂದರೆ ಸುಮಾರು 13 ಮಿಲಿಗ್ರಾಂ, ಮೀರಬಾರದೆಂದಿತು. ಕಲ್ಲಿದ್ದಲ ಹೊಗೆಯನ್ನು ಮಾತ್ರ ಈ ಕಾಯ್ದೆ ಮುಟ್ಟಲಿಲ್ಲ. ಸ್ಮಿತ್ ಕೂಡ ಮಾಲೀಕರನ್ನು ಕೋರ್ಟಿಗೆ ಎಳೆಯುವುದಕ್ಕಿಂತ ತಿಳಿಹೇಳಿ ತಿದ್ದುವುದನ್ನೇ ನೆಚ್ಚಿಕೊಂಡಿದ್ದ. ಅದು ಅತಿ ಮೃದುವಾಯಿತೆಂಬ ಟೀಕೆ ಅವನನ್ನು ಬಿಡಲಿಲ್ಲ.

ನಮ್ಮ 1981ರ ವಾಯು ಕಾಯ್ದೆಯೂ ಕಾರ್ಖಾನೆಯೊಳಗೆ ಹೋಗಿ ಮಾದರಿ ಸಂಗ್ರಹಿಸುವ ಅಧಿಕಾರವನ್ನು ಅಧಿಕಾರಿಗೆ ಕೊಟ್ಟಿದೆ. 2023ರ ಜನ ವಿಶ್ವಾಸ ಕಾಯ್ದೆ ಇದರ ಹಲವು ಅಪರಾಧಗಳಿಗಿದ್ದ ಜೈಲುಶಿಕ್ಷೆ ತೆಗೆದು, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡ ತಂದಿತು. ಜೈಲು ಬೇಕೇ, ದಂಡ ಸಾಕೇ ಎಂಬ ಚರ್ಚೆ ನಡೆಯಲೇಬೇಕು. ಆದರೆ ಎರಡೂ ಶುರುವಾಗುವುದು ಚಿಮಣಿ ಹತ್ತಿ ಮಾದರಿ ತೆಗೆದ ಮೇಲೆಯೇ. ಹಾಗಾಗಿ ಯಾವುದೇ ತಿದ್ದುಪಡಿ ಬಂದಾಗ ನಾನು ಮೊದಲು ಹುಡುಕುವುದು ಶಿಕ್ಷೆಯ ಪುಟವನ್ನಲ್ಲ. ಅಳೆಯುವವರು ಎಷ್ಟು ಜನ, ಅವರು ಯಾರ ಅಧೀನದಲ್ಲಿದ್ದಾರೆ, ಅಳತೆಗೋಲಿನಲ್ಲಿ ತೂತಿದೆಯೇ ಎಂದು ನೋಡುತ್ತೇನೆ.